ಕಾಲೊರಸು

ಮಂಗಳವಾರ ಹತ್ತೂವರೆಗೆ ಬೀಗ ತೆಗೆಯುವುದು ನನ್ನ ಪಾಳಿ.
ಫ್ಲೀಟ್‌ವುಡ್‌ನಲ್ಲಿ ಗಾಳಿಗೆ ರಜೆಯಿಲ್ಲ;
ಚರ್ಚಿನ ಹಿಂದಿನ ಹಾಲ್‌ನ ಬಾಗಿಲನ್ನು
ಹೆಗಲು ಕೊಟ್ಟೇ ನೂಕಬೇಕು.
ಮಡಚುವ ಮೇಜು ಹನ್ನೆರಡು, ಕುರ್ಚಿ ನಲವತ್ತೆಂಟು,
ಕುಂಟುವುದೊಂದು ಸದಾ ನನ್ನ ಪಾಲಿಗೆ.
ಡೆರೆಕ್ ಆಲೂಗಡ್ಡೆ ಹೆರೆಯುತ್ತ
ರೇಡಿಯೋ ಜೊತೆ ಜಗಳವಾಡುತ್ತಾನೆ.
ಸಂಬಳವಿಲ್ಲ ಯಾರಿಗೂ. ಉಳಿದ ಕಸ್ಟರ್ಡು ಮಾತ್ರ
ಜಾಮ್ ಬಾಟಲಿಯಲ್ಲಿ ಮನೆಗೆ.

ಎರಡು ವರ್ಷದ ಕೆಳಗೆ ನಮಗೇನು ಗೊತ್ತಿತ್ತು?
ಪಾಪ, ಅರಳುಮರುಳು, ಎನ್ನುತ್ತಿದ್ದೆವು
ಬಡಿಸುವ ಸೌಟು ಹಿಡಿದುಕೊಂಡೇ,
ಅವರಿಗೆ ಕೇಳಿಸುವಷ್ಟು ಗಟ್ಟಿಯಾಗಿ.
ಬಿಳಿ ತಟ್ಟೆ, ಬಿಳಿ ಮೀನು, ಬಿಳಿ ಸಾಸು, ಹಿಸುಕಿದ ಆಲೂಗಡ್ಡೆ.
ಖಾಲಿ ತಟ್ಟೆ ಯಾಕೆ ಕೊಟ್ಟಿರಿ, ಎಂದರು ಮಿಸ್ ಎಂಟ್‌ವಿಸಲ್.
ನಕ್ಕೆವು. ಆಕೆ ಹಸಿದೇ ಹೋದರು,
ಒಂದಲ್ಲ, ಮೂರು ಮಂಗಳವಾರ.
ಆಮೇಲೆ ಆಸ್ಪತ್ರೆಯ ಹುಡುಗಿಯೊಬ್ಬಳು ಬಂದು ಹೇಳಿದಳು:
ಬಿಳಿಯ ಮೇಲಿನ ಬಿಳಿ ಕೆಲವರಿಗೆ ಕಾಣುವುದಿಲ್ಲ.
ಹಿಲ್ಡಾ ಕಾರ್ಟ್‌ಮೆಲ್ ಲಾಟರಿ ಚೀಟಿ ಮಾರಿ
ನೀಲಿ ತಟ್ಟೆ ತಂದಳು, ಐವತ್ತು.
ಮಿಸ್ ಎಂಟ್‌ವಿಸಲ್ ಎರಡನೇ ಸಲ ಬಡಿಸಿಕೊಂಡರು.
ಈಗಲೂ ಆ ತಟ್ಟೆ ತೊಳೆಯುವಾಗ
ನನ್ನ ನಗು ಅಂಚಿಗೆ ಅಂಟಿಕೊಂಡಿರುತ್ತದೆ,
ಎಷ್ಟುಜ್ಜಿದರೂ.

ಆದರೆ ಹೇಳಹೊರಟದ್ದು ಆಂಬ್ರೋಸನ ಮಾತು.

ಆಂಬ್ರೋಸ್ ಲೆದರ್‌ಬ್ಯಾರೋ. ಇಪ್ಪತ್ತೈದು ವರ್ಷ ಟ್ರಾಲರಿನ ಮೇಲೆ,
ಐಸ್‌ಲ್ಯಾಂಡಿನ ಕಡೆ, ಗಡ್ಡಕ್ಕೆ ಹಿಮ ಕಟ್ಟುವ ನೀರಲ್ಲಿ.
ಕೈಬೆರಳು ಎಂಟೂವರೆ.
ನವೆಂಬರಿನ ಒಂದು ಮಧ್ಯಾಹ್ನ, ಪೈ ಒಲೆಯಿಂದ ಇಳಿದ ಹೊತ್ತಿಗೆ,
ಬಾಗಿಲಲ್ಲೇ ನಿಂತುಬಿಟ್ಟ
ಎರಡೂ ತೋಳು ಚಾಚಿ, ಚೌಕಟ್ಟು ಹಿಡಿದು.
ಹಿಂದೆ ಹದಿನೆಂಟು ಜನ, ಊರುಗೋಲು, ಗಾಲಿಕುರ್ಚಿ,
ಕೊಡೆಯ ಹೊಟ್ಟೆ ತಿರುವುವ ಗಾಳಿ.
ಬಾರಪ್ಪಾ ಎಂದೆವು. ಎಳೆಯಲೂ ನೋಡಿದೆವು.
ಹಟ, ಎಂದ ಡೆರೆಕ್.
ಥೋರಾ, ಅವನ ಹೆಂಡತಿ,
ಕೈಗವಸು ತೆಗೆದಳು, ಮತ್ತೆ ಹಾಕಿಕೊಂಡಳು.

ಬ್ರಯೊನಿ, ಹದಿನಾರರ ಹುಡುಗಿ,
ಶಾಲೆಯವರು ಕಳಿಸಿದ್ದಕ್ಕೆ ಬಂದವಳು,
ಚೂಯಿಂಗ್ ಗಮ್ ಅಗಿಯುತ್ತಲೇ
ಅವನ ಪಕ್ಕ ಹೋಗಿ ನಿಂತು
ಅವನು ನೋಡಿದ ಕಡೆ ನೋಡಿದಳು.
ನಾವ್ಯಾರೂ ಮಾಡದ ಕೆಲಸ ಅದು.
ಕೆಳಗೆ ಕಾಲೊರಸು. ಕಪ್ಪು, ರಬ್ಬರಿನದು, ಚೌಕ.
ಏನದು, ಎಂದಳು.
"ಮೀನಿನ ಉಗ್ರಾಣದ ಮುಚ್ಚಳ ತೆರೆದೇ ಬಿಟ್ಟಿದ್ದಾರೆ.
ಇಪ್ಪತ್ತಡಿ ಆಳ. ಹಿಂದಿನವರಿಗೆ ಹೇಳು.
ಲೆನ್ನಿ ನೋಡದೆ ಕಾಲಿಟ್ಟ."

ಹದಿನೆಂಟು ಜನ ಬೀಳದಂತೆ
ಎಂಟೂವರೆ ಬೆರಳಲ್ಲಿ ಒಬ್ಬನೇ ತಡೆದು ನಿಂತಿದ್ದ.
ಲೆನ್ನಿ ಯಾರು, ಎಂದು ಥೋರಾಳ ಮುಖ ನೋಡಿದೆವು.
ಐವತ್ತೊಂದು ವರ್ಷದ ಸಂಸಾರ;
ಆ ಹೆಸರು ಅವಳ ಮನೆಗೆ ಬಂದೇ ಇರಲಿಲ್ಲ.
ನೆನಪು ಕೊಂಡೊಯ್ಯುವ ಕಾಯಿಲೆ ಎನ್ನುತ್ತಾರೆ,
ಒಯ್ಯುವ ಅವಸರದಲ್ಲಿ ಇದೊಂದನ್ನು
ಹೊಸ್ತಿಲ ಮೇಲೆ ಬೀಳಿಸಿ ಹೋಗಿತ್ತು.

ಬ್ರಯೊನಿ ಮಂಡಿಯೂರಿ ಕಾಲೊರಸನ್ನು ಸುರುಳಿ ಸುತ್ತಿದಳು.
ಮುಚ್ಚಾಯ್ತು, ನೋಡಿ, ಎಂದಳು.
ಅವನು ಬೂಟಿನ ತುದಿಯಿಂದ ನೆಲ ತಟ್ಟಿದ, ಎರಡು ಸಲ,
ತೋಳು ಇಳಿಸಿ, ಹೆಂಗಸರು ಮೊದಲು, ಎಂದ.
ಪೈ ಆರಿತ್ತು. ಹಿಲ್ಡಾ ಒಬ್ಬಳು ಗೊಣಗಿದಳು, ಅದು ಅವಳ ಅಭ್ಯಾಸ.

ಮರುವಾರ ಬ್ರಯೊನಿ ಬೀದಿಯುದ್ದಕ್ಕೂ ಹೋದಳು,
ಕ್ಷೌರದಂಗಡಿ, ಔಷಧದಂಗಡಿ, ಬ್ಯಾಂಕು:
ನಿಮ್ಮ ಬಾಗಿಲಲ್ಲೂ ಒಂದು ಹೊಂಡ ಇದೆ.
ಔಷಧದಂಗಡಿಯವನು ಅವತ್ತೇ ತೆಗೆದ.
ಬ್ಯಾಂಕಿನವರು ಮೇಲಿನವರನ್ನು ಕೇಳುತ್ತೇವೆಂದರು;
ಇನ್ನೂ ಕೇಳುತ್ತಿದ್ದಾರೆ.

ನಮ್ಮದು ಈಗ ಬಾಯ್ಲರ್ ಕೋಣೆಯಲ್ಲಿದೆ.
ನೆಲವೆಲ್ಲ ಕೆಸರು, ಒರೆಸುವವರು ನಾವೇ.
ಅದು ಇದ್ದಲ್ಲಿ ಹಲಗೆಯ ಬಣ್ಣ ಬೇರೆ, ಒಂದು ಚೌಕ.
ನಾಲ್ಕಕ್ಕೆ ದೀಪ ಆರಿಸಿದರೆ
ಆ ಚೌಕ ಇನ್ನಷ್ಟು ಕಪ್ಪಾಗುತ್ತದೆ.
ಬೀಗದಕೈ ಹಿಡಿದು,
ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು,
ನಾನು ಗೋಡೆಯ ಪಕ್ಕದಿಂದ ದಾಟುತ್ತೇನೆ.