ಐದು ಇಪ್ಪತ್ತರ ಉಬ್ಬು

ಈ ತಕ್ಕಡಿಯ ಮುಂದೆ ಉಸಿರಾಡಬಾರದು.
ಉಸಿರಿಗೂ ತೂಕವಿದೆಯೆಂದು ನನಗೆ ಗೊತ್ತಾದದ್ದು
ಕಾನೋ ಊರಿನ ಈ ಮಹಡಿ ಕೋಣೆಯಲ್ಲಿ,
ಚಿಮುಟದ ತುದಿಗೆ ಹಪ್ಪಳದಂಥ ಬಿಳಿ ಕಾಗದ ಹಿಡಿದಾಗ.
ಖಾಲಿ ಇರುವಾಗ ಒಮ್ಮೆ ತೂಗುತ್ತೇನೆ.
ಛಾವಣಿಯ ಯಂತ್ರದಲ್ಲಿ ಕೂತು
ಒಂದು ಹಗಲು ಒಂದು ರಾತ್ರಿ ಊರನ್ನು ಹೀರಿ ಬಂದ ಮೇಲೆ
ಇನ್ನೊಮ್ಮೆ.
ನಡುವಿನ ವ್ಯತ್ಯಾಸವೇ ನನ್ನ ಕಸುಬು:
ಮಳೆಗಾಲದಲ್ಲಿ ಎಳ್ಳಿನ ಕಾಲುಭಾಗ,
ಜನವರಿಯಲ್ಲಿ ಎರಡು ಎಳ್ಳು.

ಹುಂತುರು ಬಂತೆಂದರೆ ಕಾಗದ ಕಂದು,
ಬೆಲ್ಲದ ಪುಡಿ ಉದುರಿಸಿದಂತೆ.
ದೂರದ ಚಾಡ್ ದೇಶದಲ್ಲಿ ಒಂದು ಕಾಲಕ್ಕೆ
ಸಮುದ್ರದಂಥ ಕೆರೆಯಿತ್ತಂತೆ,
ಬತ್ತಿ, ತಳವಷ್ಟೇ ಉಳಿದು, ಈಗ ತಳವೂ ಎದ್ದು ಹೊರಟಿದೆ.
ಸೂಕ್ಷ್ಮದರ್ಶಕದಲ್ಲಿ ನೋಡಿದ್ದೇನೆ, ಗಾಜಿನ ಚಿಪ್ಪುಗಳು,
ಜರಡಿಯಂತೆ ತೂತು ತೂತು,
ನೀರಿದ್ದಾಗ ಬದುಕಿದ್ದ ಪಾಚಿಯ ಮನೆಗಳು.
ಕೆರೆ ಹಾರಿ ಬಂದು ನಮ್ಮ ಕೊಡದಲ್ಲಿ ಕೂರುತ್ತದೆ.
ವಿಮಾನ ಇಳಿಯುವುದಿಲ್ಲ. ಮಕ್ಕಳ ತುಟಿ ಬಿರಿಯುತ್ತದೆ.
ಕೋಫರ್ ಮಾತಾದ ಗುಂಡಿಗಳಲ್ಲಿ ಅದ್ದಿ ಒಣಹಾಕಿದ ನೀಲಿ
ಸಂಜೆಗೆ ಯಾವ ಬಣ್ಣವೆಂದು ಗಿರಾಕಿಯ ತಕರಾರು.
ಈ ತಿಂಗಳು ಯಾರನ್ನೂ ಬೈಯುವಂತಿಲ್ಲ.
ಕೆರೆಗೆ ನೋಟೀಸು ಕೊಟ್ಟವರುಂಟೇ?

ಏಪ್ರಿಲ್ಲಿನ ಮಾತು ಬೇರೆ.
ಸೆಕೆ ಏರಿ, ಕರೆಂಟು ಹೋಗಿ,
ಅಂಗಡಿಗೊಂದರಂತೆ ಜನರೇಟರು ಗೊರಗುಟ್ಟುತ್ತದೆ.
ಕಾಗದ ಆಗ ಕಾಡಿಗೆ.
ಧೂಳಿಗಿಂತ ಹಗುರ, ಆದರೆ ಧೂಳಿಗಿಂತ ಆಳಕ್ಕಿಳಿಯುವ ಜಾತಿ,
ಮೂಗಿನ ಕಾವಲಿಗೆ ಸಲಾಮು ಹೊಡೆದು ನೇರ ಒಳಮನೆಗೆ.
ಅದರಲ್ಲಿ ನನ್ನದೂ ಇದೆ.
ಈ ಕೋಣೆಯ ತಂಪು, ತಕ್ಕಡಿಯ ಹಸಿರು ದೀಪ
ಹಿತ್ತಿಲ ಜನರೇಟರಿನದ್ದು.

ಜುಲೈ. ಮಳೆ ಹೊಯ್ದ ಮರುದಿನ
ಕಾಗದ ಹೋದ ಹಾಗೇ ವಾಪಸು ಬರುತ್ತದೆ,
ಹಾಕಿದ್ದೆನೋ ಮರೆತಿದ್ದೆನೋ ಎಂದು ನನಗೇ ಅನುಮಾನ.
ಆಗಲೂ ಒಂದು ಉಬ್ಬು ಮಾತ್ರ ತಪ್ಪುವುದಿಲ್ಲ.
ಪಕ್ಕದ ಯಂತ್ರ ನಿಮಿಷ ನಿಮಿಷಕ್ಕೂ ಎಳೆಯುವ ಗೆರೆಯಲ್ಲಿ
ದಿನಾ ಬೆಳಗಿನ ಐದು ಇಪ್ಪತ್ತಕ್ಕೆ,
ಕಡಲೆಕಾಯಿ ಗಾತ್ರದ್ದು.
"ಇದೇನಿದು ತಾನಿಮು?" ಎಂದರು ಡಾಕ್ಟರ್ ಬಿಲ್ಕಿಸು.
"ನೋಡ್ತೀನಿ ಮೇಡಂ" ಎಂದೆ. ನೋಡುವುದೇನು ಬಂತು,
ಗೋಡೆಯಾಚೆ ಲಾರಾಯ್ ಒಲೆ ಹಚ್ಚುವ ಹೊತ್ತು ಅದು.
ಮೂರು ಕಲ್ಲು, ಹಸಿ ಬೇವಿನ ಕಟ್ಟಿಗೆ,
ರುಬ್ಬಿದ ಅಲಸಂದೆ, ಕಾದ ಎಣ್ಣೆ,
ಬೆಳಗಿನ ನಮಾಜು ಮುಗಿಸಿ ಬರುವವರಿಗೆ
ಬಿಸಿ ಬಿಸಿ ಕೊಸಾಯ್.

ಒಂದು ದಿನ ಅವಳಿಗೇ ಹೇಳಿಬಿಟ್ಟೆ.
ತಲೆವಸ್ತ್ರದ ತುದಿಯಲ್ಲಿ ಕಣ್ಣೊರೆಸಿಕೊಂಡು ಕೇಳಿದಳು:
"ನನ್ನ ಹೊಗೆ ಅಂತ ಹೇಗೆ ಗುರುತು ಹಿಡೀತೀಯ?
ಹೆಸರು ಬರೆದಿರುತ್ತಾ?"
"ಕಟ್ಟಿಗೆ ಹೊಗೆಯಲ್ಲಿ ಒಂದು ಥರದ ಸಕ್ಕರೆ ಇರುತ್ತೆ."
ನಕ್ಕಳು, ನಕ್ಕು ಕೆಮ್ಮಿದಳು, ಕೆಮ್ಮಿ ಮತ್ತೂ ನಕ್ಕಳು:
"ನಾನು ಹಾಕೋದು ಉಪ್ಪು, ಈರುಳ್ಳಿ, ಮೆಣಸಿನಕಾಯಿ.
ಸಕ್ಕರೆ ಹಾಕಿದವಳು ಯಾರೋ, ಹೋಗಿ ವಿಚಾರಿಸು."

ನವೆಂಬರಿನಲ್ಲಿ ಹನ್ನೊಂದು ದಿನ ಉಬ್ಬಿರಲಿಲ್ಲ.
ಐದು ಗಂಟೆಯ ಮೇಲೆ ಗೆರೆ
ಹಾಸಿದ ಚಾಪೆಯ ಹಾಗೆ ಮಲಗಿತ್ತು.
"ಒಳ್ಳೆಯ ಸುದ್ದಿ" ಎಂದರು ಡಾಕ್ಟರ್ ಬಿಲ್ಕಿಸು.
ಲಾರಾಯ್ ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ
ಮೂಗಿಗೆ ಹಬೆಯ ಮುಖವಾಡ ಕಟ್ಟಿಸಿಕೊಂಡು
ಕಳೆದ ವ್ಯಾಪಾರದ ಲೆಕ್ಕ ಹೇಳುತ್ತಿದ್ದಳಂತೆ.
ಹೊರಗೆ ಹೊಲಗಳಲ್ಲಿ ಜೋಳದ ಕೂಳೆ ಉರಿಯುತ್ತಿತ್ತು,
ಊರಿಗೆಲ್ಲ ಅದೇ ಸಕ್ಕರೆ.

ಹನ್ನೆರಡನೆಯ ಬೆಳಗ್ಗೆ ಗೆರೆ ಎದ್ದಿತು,
ಐದು ಇಪ್ಪತ್ತಕ್ಕಲ್ಲ, ಐದು ನಲವತ್ತಕ್ಕೆ.
ಮೆಟ್ಟಿಲಿಳಿದು ಓಡಿದೆ.
ಲಾರಾಯ್ ಗಾಳಿ ಬರುವ ಕಡೆ ಮಣೆ ಹಾಕಿಕೊಂಡು
ಬೆರಳು ತೋರಿಸುತ್ತಿದ್ದಳು: ಆ ಕಡೆಯಿಂದ ಊದು, ಆ ಕಡೆಯಿಂದ.
ಊದುತ್ತಿದ್ದವಳು ಮಗಳು, ದೇಲು, ಒಂಬತ್ತು ವರ್ಷ,
ಕೆನ್ನೆ ಉಬ್ಬಿಸಿ, ಕಣ್ಣು ಮುಚ್ಚಿ.

ನಾಲ್ಕು ಕೊಸಾಯ್ ಕೊಂಡೆ. ಒಂದು ಹೆಚ್ಚೇ ಹಾಕಿದಳು.
ಮೇಲೆ ಬಂದು ಎಣ್ಣೆಗೈ ಎರಡು ಸಲ ಸೋಪಿನಲ್ಲಿ ತೊಳೆದು
ಚಿಮುಟ ಎತ್ತಿಕೊಂಡೆ,
ಉಸಿರು ಹಿಡಿದೆ.