ಕರೆಂಟು ಹೋದ ಹೊತ್ತು

ಊರಿಗೆ ಊರೇ ಬೈಯುತ್ತದೆ, ನಾವು ಕಾಯುತ್ತೇವೆ.
ಕಲಬುರಗಿ, ಮೇ ತಿಂಗಳು, ರಾತ್ರಿ ಹನ್ನೊಂದೂವರೆ;
ಗೋಡೆಗೆ ಕೈಯಿಟ್ಟರೆ ಇನ್ನೂ ಹಂಚಿನ ಕಾವು.

ಮೇಜಿನ ಮೇಲೆ ಶಹಾಬಾದದ ಹಾಸುಗಲ್ಲು,
ಅದರಡಿಗೆ ಅರ್ಧ ಗಾಳಿಯ ಸೈಕಲ್ ಟ್ಯೂಬು,
ರಿಂಗ್ ರೋಡಿನ ಲಾರಿಗೆ ನಡುಗಬಾರದೆಂದು.
ಕಲ್ಲಿನ ಮೇಲೊಂದು ಪಂಜರ:
ದಾಲ್ ಮಿಲ್ಲಿನ ಮಲ್ಕಣ್ಣ ಹಳೆಯ ಜರಡಿ ಬಗ್ಗಿಸಿ
ಬೆಸೆದು ಕೊಟ್ಟಿದ್ದು. 'ಇದರಾಗ ಏನ್ ಸಾಕ್ತೀರಿ?' ಅಂದಿದ್ದ.
'ಒಂದು ತೂತು' ಅಂದಿದ್ದಳು ನುಸ್ರತ್.
ನಕ್ಕವನು ರೊಕ್ಕ ತಗೊಳ್ಳಲಿಲ್ಲ.

ತೂತು ಅಂದರೆ ತೂತೇ.
ಉಪ್ಪುನೀರಿನಲ್ಲಿ ಜಿಡ್ಡಿನ ಪೊರೆ,
ಪೊರೆಯಲ್ಲಿ ಒಂದೇ ಎಳೆ ನುಸುಳುವಷ್ಟು ದಾರಿ.
ಆಚೆಗೊಂದು ಈಚೆಗೊಂದು ಬೆಳ್ಳಿತಂತಿ,
ಸರಾಫ್ ಬಜಾರಿನಲ್ಲಿ ಗೆಜ್ಜೆಗೆಂದು ಸುಳ್ಳು ಹೇಳಿ ತಂದದ್ದು.
ತೊಗರಿಯ ಎಳೆಯೊಂದು ಹಾಯುವಾಗ
ಹರಿವು ತುಸು ತಗ್ಗುತ್ತದೆ, ಅಕ್ಷರಕ್ಕೊಂದು ತಗ್ಗು.
ಕಣ್ಣಿಗೆ ಪೊರೆ ಬಂದ ನನ್ನಜ್ಜಿ
ಬಾಗಿಲ ಬೆಳಕು ಎಷ್ಟು ಕುಂದಿತೆಂಬುದರಲ್ಲೇ
ಬಂದವರ ಹೆಸರು ಹೇಳುತ್ತಿದ್ದಳು.
ಅವಳಿಗಾದರೆ ಇದನ್ನು ವಿವರಿಸಬೇಕಿರಲಿಲ್ಲ.

ಆದರೆ ಊರು ಗುನುಗುತ್ತದೆ.
ಫ್ಯಾನು, ಕೂಲರು, ಪಕ್ಕದ ಖಾನಾವಳಿಯ ಫ್ರಿಜ್ಜು,
ಓಣಿಯ ಟ್ರಾನ್ಸ್‌ಫಾರ್ಮರು, ಸೆಕೆಂಡಿಗೆ ಐವತ್ತು ಸಲ
ಜರಡಿ ದಾಟಿ ಬಂದು ನಮ್ಮ ಗೆರೆಯ ಮೇಲೆ ಕೂರುತ್ತದೆ.
ನಾಲ್ಕು ತಿಂಗಳು ನಾವು ಓದಿದ್ದು
ಬರೀ ಕಲಬುರಗಿಯ ಕೂಲರುಗಳನ್ನು.

ಹನ್ನೊಂದು ನಲವತ್ತಕ್ಕೆ ಹೋಯಿತು.
'ಹೋತಲೇ!' ಎಂದಿತು ಓಣಿ. ಮಾಳಿಗೆಗಳ ಮೇಲೆ
ಚಾಪೆ ಬಿಡಿಸುವ ಸದ್ದು.
ಸ್ಕೂಟರಿನ ಬ್ಯಾಟರಿಗೆ ಕಟ್ಟಿದ ಯಂತ್ರದಲ್ಲಿ
ದಪ್ಪಗಿದ್ದ ಗೆರೆ ತೆಳ್ಳಗಾಯಿತು, ಬೈತಲೆಯಂತೆ.
ಆಮೇಲೆ ಮೆಟ್ಟಿಲು. ಇಳಿಯಿತು. ಏರಿತು. ಇಳಿಯಿತು.
'ಬಂತು' ಅಂದಳು ನುಸ್ರತ್, ಪಿಸುಮಾತಿನಲ್ಲಿ,
ಕೇಳಿಸಿದರೆ ಓಡಿಹೋದೀತೆಂಬಂತೆ.

ಒಂದು ಕಡೆ ಮಾತ್ರ ಇಳಿದದ್ದು ಹಾಗೇ ನಿಂತಿತು.
ಒಂದೇ ಅಕ್ಷರ, ಸಾಲಾಗಿ. ಐದೋ, ಆರೋ, ಎಂಟೋ?
ಬೇರೆ ಬೇರೆ ಮುಖ ಬಂದರೆ ಗುರುತು ಹಿಡಿದೇವು;
ಒಂದೇ ಮುಖದವರು ಕೈ ಕೈ ಹಿಡಿದು ಬಂದರೆ
ಎಷ್ಟು ಮಂದಿಯೆಂದು ಹೇಳಲು ನಮಗಿನ್ನೂ ಬಾರದು.
ಅವಳು ಆರು ಎಂದಳು. ನಾನು ಏಳು.
ಕತ್ತಲಲ್ಲಿ ಜಗಳವಾಡಿದೆವು, ಬೆವರುತ್ತ, ಹಿಗ್ಗಿನಿಂದ.

ಹನ್ನೆರಡು ಹತ್ತಕ್ಕೆ ಓಣಿ ಕೂಗಿತು: ಬಂತು!
ಫ್ಯಾನು ತಿರುಗಿತು. ಗೆರೆಗೆ ಮತ್ತೆ ತುಪ್ಪಟ ಬೆಳೆಯಿತು.
ಅರ್ಧ ದಾಟಿದ ಎಳೆಯೊಂದು
ಆ ಗದ್ದಲದೊಳಗೆ ಇನ್ನೂ ಹಾಯುತ್ತಿರಬೇಕು,
ಎಣಿಸುವವರಿಲ್ಲದೆ.

ನಾನು ಜೆಸ್ಕಾಂ ಕಚೇರಿಗೆ ಫೋನು ಮಾಡಿ ಕೇಳಿದೆ:
ಮತ್ತೆ ಯಾವಾಗ ತೆಗೀತೀರಿ?
ಆ ಕಡೆ ಬಹಳ ಹೊತ್ತು ಮಾತಿಲ್ಲ.
'ಎಲ್ಲಾರೂ ಯಾವಾಗ ಬರ್ತದ ಅಂತಾರ್ರೀ...'