ಬಲಗಡೆಯ ಸೀಟು

ಗಾಡಿ ಮಾರಿದೆವು ಮೊನ್ನೆ ಗುರುವಾರ.
ರಾಹುಕಾಲ ಕಳೆಯಲಿ ಎಂದ ದಲ್ಲಾಳಿ ಚೌಡಪ್ಪ.
ಎತ್ತಿನ ವ್ಯಾಪಾರದವನು, ಕಾರಿಗೂ ಅದೇ ಶಾಸ್ತ್ರ:
ಟವೆಲ್ಲಿನಡಿ ಕೈಗೆ ಕೈ ಸೇರಿಸಿ
ಬೆರಳು ಹಿಸುಕಿ ಬೆಲೆ ಹೇಳುವುದು.
ಕೊಯಮತ್ತೂರಿನ ವೇಲಾಯುಧನ್
ಬೆರಳೊಂದಕ್ಕೆ ಸಾವಿರವೋ ಲಕ್ಷವೋ ತಿಳಿಯದೆ
ಕಚಗುಳಿ ಇಟ್ಟವರಂತೆ ನಕ್ಕರು.

ಆಟೋ ಕಾಂಪ್ಲೆಕ್ಸಿನಲ್ಲಿ ನಾವು ಮೂವರು ಪಾಲುದಾರರು.
ಇಂಜಿನ್ನಿಗೆ ದಸ್ತಗೀರಣ್ಣ,
ತಗಡಿಗೆ ಭದ್ರಾವತಿಯ ಏಳುಮಲೈ,
ಸೀಟಿಗೆ ನಾನು, ಕುಶನ್ ಅಂಗಡಿಯ ಫಿಲೋಮಿನಾ.

ಸಿಕ್ಕಿದ್ದು ಮುಚ್ಚಿಹೋದ ಸಾಮಿಲ್ಲಿನ ಹಿಂದೆ,
ಹೊಟ್ಟಿನ ಗುಡ್ಡೆಯಲ್ಲಿ ಅರ್ಧ ಹೂತು.
ಅರವತ್ತೆಂಟರ ಡಾಡ್ಜ್ ಚಾರ್ಜರ್;
ಯಾವನೋ ನಾಟಾ ಕಂಟ್ರಾಕ್ಟರು ಬಂದರಿನ ಹರಾಜಲ್ಲಿ ಕೂಗಿ ತಂದು
ಪೆಟ್ರೋಲಿನ ಲೆಕ್ಕ ನೋಡಿ ಕೈಬಿಟ್ಟದ್ದು.
ಹಿಂದಿನ ಸೀಟಿನಲ್ಲಿ ನಾಟಿ ಕೋಳಿಯೊಂದು ಕಾವಿಗೆ ಕೂತಿತ್ತು.
ಏಳಿಸಲು ಮನಸ್ಸು ಬರದೆ ಹನ್ನೊಂದು ದಿನ ಕಾದೆವು.
ಎಲ್ಲಿಗೆ ಓಡಿಹೋಗುತ್ತೆ, ಅಂದ ದಸ್ತಗೀರಣ್ಣ,
ಚಕ್ರವೇ ಇಲ್ಲವಲ್ಲ.

ಆರು ವರ್ಷ.
ಎಂಟು ಸಿಲಿಂಡರಿನಲ್ಲಿ ಮೊದಲ ವರ್ಷ
ಕೆಮ್ಮಿದ್ದು ಎರಡೇ.
ತುಕ್ಕು ತಿಂದ ಜಾಗಕ್ಕೆಲ್ಲ ಏಳುಮಲೈ
ಭದ್ರಾವತಿಯ ತಗಡು ಬಡಿದು ಬೆಸೆದ,
ಅವನಪ್ಪ ಕುಲುಮೆಯೆದುರು ಬೆಂದು ಬೆಂದು
ನಿವೃತ್ತನಾದ ಕಾರ್ಖಾನೆಯದು.
ನಾನು ರೆಕ್ಸಿನ್ ಬೇಡವೆಂದು ಹಟ ಹಿಡಿದು
ಕರಿ ತೊಗಲನ್ನು ಕೈಯಲ್ಲೇ ಹೊಲಿದೆ,
ಅಂಗುಲಕ್ಕೆ ಏಳು ಹೊಲಿಗೆ.

ಸ್ಟೇರಿಂಗು ಎಡಕ್ಕೆ.
ಮಂಡಗದ್ದೆಯ ತಿರುವುಗಳಲ್ಲಿ ಮುಂದೊಂದು ಲಾರಿಯಿದ್ದರೆ
ಓಡಿಸುವವನಿಗೆ ಕಾಣುವುದು ಅದರ ಬೆನ್ನು ಮಾತ್ರ,
ಬೆನ್ನಿಗೆ ನೇತುಹಾಕಿದ ಹಳೇ ಚಪ್ಪಲಿ ಮಾತ್ರ.
ಅದಕ್ಕೇ ಬಲಗಡೆ ಒಬ್ಬರು ಬೇಕು.
ಸೂಜಿಗೆ ದಾರ ಪೋಣಿಸುವ ಕಣ್ಣು ನಿನ್ನದು,
ಕೂತ್ಕೋ, ಅಂದ ದಸ್ತಗೀರಣ್ಣ.
ಕತ್ತು ಚಾಚಿ ನಾನು ಹೇಳಬೇಕು:
ತಡಿ. ತಡಿ. ಹೋಗು.
ಹೋಗು ಅಂದರೆ ಸಾಕು
ಒಂದೂಮುಕ್ಕಾಲು ಟನ್ ಕಬ್ಬಿಣ
ನನ್ನ ಮಾತು ನಂಬಿ ಹಾರುತ್ತಿತ್ತು.
ಮನೆಯಲ್ಲಿ ನನ್ನ ಮಾತಿಗೆ
ಬೆಕ್ಕೂ ಕಿವಿಗೊಡದ ಕಾಲ ಅದು.

ವೇಲಾಯುಧನ್ ಜೇಬಿನಿಂದ ಅಯಸ್ಕಾಂತ ತೆಗೆದರು.
ಬಣ್ಣ ಗೀರದಂತೆ ಕರ್ಚೀಫಿನಲ್ಲಿ ಸುತ್ತಿ
ಬಾನೆಟ್ಟಿನಿಂದ ಡಿಕ್ಕಿಯವರೆಗೆ ಸವರುತ್ತ ಹೋದರು.
ಪುಟ್ಟಿ ಮೆತ್ತಿದ್ದಲ್ಲಿ ಅದು ಹಿಡಿಯುವುದಿಲ್ಲ.
ಏಳುಮಲೈ ಬೀಡಿ ಹಚ್ಚದೆ ಕಚ್ಚಿಕೊಂಡೇ ನಿಂತಿದ್ದ.
ಎಲ್ಲ ಕಡೆ ಹಿಡಿಯಿತು. ಭದ್ರಾವತಿಗೂ ಹಿಡಿಯಿತು,
ಡೆಟ್ರಾಯಿಟ್ಟಿಗಿಂತ ತುಸು ಗಟ್ಟಿಯಾಗಿ ಎಂಬುದು ಅವನ ವಾದ.
ಬಲಬಾಗಿಲ ಕೆಳಗೆ ಒಂದೇ ಕಡೆ
ಜಾರಿ ಬಿತ್ತು.

ಅಲ್ಲಿ ಪುಟ್ಟಿ ಇದೆ, ಎಂದೆ ನಾನೇ. ಅಂಗೈಯಗಲ.
ಒಂದು ಸಲ ತಡಿ ಅನ್ನುವುದನ್ನು
ತಡವಾಗಿ ಅಂದಿದ್ದೆ.
ಏಳುಮಲೈ ಅದನ್ನು ತಮಿಳಿಗೆ ತರಲು
ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡ.
ಟವೆಲ್ಲಿನಡಿ ಒಂದು ಬೆರಳು ಮಡಚಿತು.

ಹಣ ಮೂರು ಪಾಲಾಯಿತು. ದಸ್ತಗೀರಣ್ಣ ಎಣಿಸಲಿಲ್ಲ;
ಬಾನೆಟ್ ಎತ್ತಿ ಆಯಿಲ್ ಕಡ್ಡಿ ಎಳೆದು ಒರೆಸಿ
ಮತ್ತೆ ಅದ್ದಿ ನೋಡಿದ,
ಬೆಳಿಗ್ಗೆ ತಾನೇ ನೋಡಿದ್ದನ್ನು.

ಭದ್ರಾವತಿಯವರೆಗೆ ನಾನು ಕೂತೆ.
ವೇಲಾಯುಧನ್‌ಗೆ ಕನ್ನಡ ಬಾರದು,
ಎರಡೇ ಮಾತು ಕಲಿಸಿದೆ, ಸಾಕಾಯಿತು.
ಮಾಚೇನಹಳ್ಳಿಯ ಹತ್ತಿರ ಇಟ್ಟಿಗೆ ಲಾರಿ;
ಆಮೇಲೆ ಖಾಲಿ ರಸ್ತೆ, ಹೇಳಲು ಏನೂ ಇಲ್ಲ.
ಸೀಟಿನಂಚಿನ ಹೊಲಿಗೆ ಬೆರಳಲ್ಲೇ ಎಣಿಸಿದೆ.
ಒಂದು ಕಡೆ ಆರೇ ಇತ್ತು.

ಕಾರ್ಖಾನೆಯ ಗೇಟಿನ ಹತ್ತಿರ ಇಳಿದೆ.
ಹಿಂದೆ ವ್ಯಾನಿನಲ್ಲಿ ಬಂದ ಅವರ ಹುಡುಗ
ನನ್ನ ಜಾಗದಲ್ಲಿ ಕೂತ, ಫೋನು ತೊಡೆಯ ಮೇಲೆ.
ಅನುಮಾನ ಬಂದರೆ ತಡಿ ಅನ್ನು, ಎಂದೆ.
ಏನು ತಿಳಿಯಿತೋ, ತಲೆಯಾಡಿಸಿದ.

ವಾಪಸ್ಸು ಬಸ್ಸು.
ಡ್ರೈವರು ಬಲಗಡೆಗೇ ಇದ್ದ, ಎಲ್ಲ ಕಾಣುತ್ತಿತ್ತು ಅವನಿಗೆ,
ಮುಂದಿನ ಟ್ರ್ಯಾಕ್ಟರು, ಎದುರಿನ ಬೈಕು.
ಆದರೂ ಎದ್ದು ನಿಂತು ಕತ್ತು ಚಾಚಿ
ತಡಿ, ಅಂದುಬಿಟ್ಟೆ, ಜೋರಾಗಿ.
ಕಂಡಕ್ಟರು ಸೀಟಿ ಊದಿದ.
ಬಸ್ಸು ನಿಂತಿತು, ಎರಡೂ ಕಡೆ ಬರೀ ಗದ್ದೆ.
ಎಲ್ಲರೂ ನನ್ನನ್ನೇ ನೋಡುತ್ತಿದ್ದರು,
ಇಳಿಯದೆ ವಿಧಿಯಿರಲಿಲ್ಲ.